ಪೀಣ್ಯದ ಸಣ್ಣ ಸಿಎನ್‌ಸಿ ಶಾಪ್: ಎನರ್ಜಿ ಮೀಟರ್ ಮೊದಲು ಎಲ್ಲಿ ಹಾಕಬೇಕು?

ಪೀಣ್ಯ_ಟರ್ನಿಂಗ್:
ಆರು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್, ಗಾಳಿಗೆ 22 ಕಿಲೋವ್ಯಾಟ್ ಸ್ಕ್ರೂ ಕಂಪ್ರೆಸರ್, ಎರಡು ಶಿಫ್ಟ್. ಬೆಸ್ಕಾಂ ಬಿಲ್ ನೋಡಿದರೆ ತಿಂಗಳ ಒಟ್ಟು ಯೂನಿಟ್ ಮಾತ್ರ ಗೊತ್ತಾಗುತ್ತೆ. ಪೀಸಿಗೆ ಎಷ್ಟು ಕಾರ್ಬನ್ ಅಂತ ಗಿರಾಕಿ ಕಂಪನಿಯವರು ಕೇಳ್ತಿದ್ದಾರೆ. ಎಲ್ಲ ಮಷಿನ್‌ಗೂ ಮೀಟರ್ ಬೇಕಾ?

ಏರ್‌ಲೈನ್:
ಸದ್ಯಕ್ಕೆ ಬೇಡ ಸರ್. ಇನ್‌ಕಮರ್‌ಗೆ (ಶಾಪ್‌ಗೆ ಕರೆಂಟ್ ಬರುವ ಮುಖ್ಯ ಲೈನ್) ಒಂದು, ಕಂಪ್ರೆಸರ್‌ಗೆ ಒಂದು ಸಾಕು. ರೀಡಿಂಗನ್ನು ಕೇಬಲ್ ಮೂಲಕ ಹೊರಗೆ ಕಳಿಸುವ ಆರ್‌ಎಸ್-485 ಮಾಡ್‌ಬಸ್ ಇರುವ ಮೂರು ಫೇಸ್ ಮೀಟರ್ ತಗೊಳ್ಳಿ. ಕಂಪ್ರೆಸರ್ ರೀಡಿಂಗ್ 2–5 ಸೆಕೆಂಡಿಗೊಮ್ಮೆ ದಾಖಲಾಗಬೇಕು, 15 ನಿಮಿಷದ ಸರಾಸರಿಯಲ್ಲಿ ಲೋಡ್ (ಗಾಳಿ ತುಂಬುವುದು), ಅನ್‌ಲೋಡ್ (ಗಾಳಿ ತುಂಬದೆ ಸುಮ್ಮನೆ ತಿರುಗುವುದು) ವ್ಯತ್ಯಾಸ ಮುಚ್ಚಿಹೋಗುತ್ತೆ. ಫಿಕ್ಸೆಡ್ ಸ್ಪೀಡ್ ಸ್ಕ್ರೂ ಆದರೆ ಅನ್‌ಲೋಡ್‌ನಲ್ಲೂ ಪೂರ್ಣ ಲೋಡಿನ ಸುಮಾರು ಶೇ. 30 ಎಳೆಯುತ್ತೆ, ಗಾಳಿ ಮಾತ್ರ ಒಂದು ಚೂರೂ ಬರಲ್ಲ.

ಭಾನುವಾರ ಮಷಿನ್‌ಗಳನ್ನೆಲ್ಲ ಆಫ್ ಮಾಡಿ, ಮಷಿನ್‌ಗಳಿಗೆ ಗಾಳಿ ಹೋಗುವ ಲೈನಿನ ವಾಲ್ವ್‌ಗಳನ್ನು ತೆರೆದೇ ಬಿಟ್ಟು, ಕಂಪ್ರೆಸರ್ ಅರ್ಧ ಗಂಟೆ ಓಡಿಸಿ. ಲೋಡ್ ಸಮಯವನ್ನು ಲೋಡ್ ಮತ್ತು ಅನ್‌ಲೋಡ್ ಎರಡರ ಮೊತ್ತದಿಂದ ಭಾಗಿಸಿ. 40 ಸೆಕೆಂಡ್ ಲೋಡ್, 120 ಅನ್‌ಲೋಡ್ ಅಂದರೆ ಕಂಪ್ರೆಸರ್ ಸಾಮರ್ಥ್ಯದ ಶೇ. 25 ಸೋರಿಕೆಗೇ ಹೋಗ್ತಿದೆ. 7 ಬಾರ್‌ನಲ್ಲಿ ಬರೀ 3 ಮಿ.ಮೀ. ತೂತು ಸುಮಾರು 3.5–4 ಕಿಲೋವ್ಯಾಟ್ ತಿನ್ನುತ್ತೆ! ಪುಶ್ ಫಿಟಿಂಗ್, ಎಫ್‌ಆರ್‌ಎಲ್ (ಗಾಳಿಯ ಫಿಲ್ಟರ್-ರೆಗ್ಯುಲೇಟರ್-ಲೂಬ್ರಿಕೇಟರ್) ಬೌಲ್, ಏರ್ ಗನ್, ಆಟೋ ಡ್ರೇನ್ ಇವಕ್ಕೆ ಸೋಪು ನೀರು ಹಚ್ಚಿ ನೋಡಿ. ಸೋರಿಕೆ ನಿಲ್ಲಿಸಿದ ಮೇಲೆ ಒತ್ತಡ ಇಳಿಸಿ, ಬಾರ್‌ಗೆ ಶೇ. 6–7 ಉಳಿತಾಯ. ಮಷಿನ್‌ನ ಪ್ರೆಷರ್ ಸ್ವಿಚ್ ಅಲಾರಂ ಹೊಡೆಯುವ ಮಟ್ಟಕ್ಕಿಂತ ಕೆಳಗೆ ಮಾತ್ರ ಹೋಗಬೇಡಿ.

ಪ್ಯಾನೆಲ್_ವೈರಿಂಗ್:
ಆ ಕಂಪ್ರೆಸರ್ ಮೋಟರ್ ಫುಲ್ ಲೋಡ್‌ನಲ್ಲಿ ಸುಮಾರು 40 ಆಂಪಿಯರ್. 60/5 ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್; 60 ಆಂಪಿಯರನ್ನು ಮೀಟರ್‌ಗೆ 5 ಆಗಿ ಇಳಿಸುತ್ತೆ) ಹಾಕಿ, 200/5 ಹಾಕಿದರೆ ಅನ್‌ಲೋಡ್ ರೀಡಿಂಗ್ ನಂಬೋ ಹಾಗಿರಲ್ಲ. ಲೈನ್ ಚಾಲೂ ಇರುವಾಗ ಸಿಟಿ ಸೆಕೆಂಡರಿ (ಮೀಟರ್‌ಗೆ ಹೋಗುವ ವೈರ್) ಬಿಚ್ಚಲೇಬೇಡಿ, ಅಪಾಯಕಾರಿ ವೋಲ್ಟೇಜ್ ಹುಟ್ಟುತ್ತೆ; ಬಿಚ್ಚುವ ಮೊದಲು ಸೆಕೆಂಡರಿಯ ಎರಡು ತುದಿ ಶಾರ್ಟ್ ಮಾಡಿ. 485 ಕೇಬಲ್ ಒಂದು ಮೀಟರಿನಿಂದ ಇನ್ನೊಂದಕ್ಕೆ ಸಾಲಾಗಿ ಹೋಗಬೇಕು, ಸಾಲಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್. ಡ್ರೈವ್ ಕೇಬಲ್ ಇರುವ ಟ್ರೇನಲ್ಲಿ ಎಳೆದರೆ ಡೇಟಾ ಕೈಕೊಡುತ್ತೆ.

ಪೀಣ್ಯ_ಟರ್ನಿಂಗ್:
ಹಾಕಿಸಿದೆವು. ಆರ್ ಫೇಸ್ ಮೈನಸ್ ತೋರಿಸ್ತಿದೆ. ಮೀಟರ್ ರೀಡಿಂಗ್ ಓದಿ ಕಂಪ್ಯೂಟರ್‌ಗೆ ಕಳಿಸುವ ಗೇಟ್‌ವೇನಲ್ಲಿ ಅರ್ಥವಿಲ್ಲದ ಸಂಖ್ಯೆಗಳು.

ಪ್ಯಾನೆಲ್_ವೈರಿಂಗ್:
ಆರ್ ಫೇಸಿನ ಸಿಟಿ ತಿರುಗಿದೆ, ಅದರ ಮೇಲೆ ಪಿ1 ಅಂತ ಬರೆದಿರುವ ಬದಿ ಸಪ್ಲೈ ಕಡೆ ಇರಬೇಕು. ಹಾಗೇ ಬಿಟ್ಟರೆ ಒಟ್ಟು ಕಿಲೋವ್ಯಾಟ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಗೇಟ್‌ವೇನಲ್ಲಿ ಫ್ಲೋಟ್‌ನ (ದಶಮಾಂಶ ಸಂಖ್ಯೆ) ವರ್ಡ್ ಆರ್ಡರ್, ಅಂದರೆ ಅದರ ಎರಡು ಭಾಗಗಳ ಕ್ರಮ, ಅದಲುಬದಲು ಮಾಡಿ ನೋಡಿ, ಆಗದಿದ್ದರೆ ಮೀಟರಿನಲ್ಲಿ ಆ ರೀಡಿಂಗ್ ಇರುವ ಜಾಗದ ಸಂಖ್ಯೆ (ರಿಜಿಸ್ಟರ್ ಅಡ್ರೆಸ್) ಒಂದು ಕಮ್ಮಿ ಮಾಡಿ.

ಏರ್‌ಲೈನ್:
ಪೀಸಿನ ಲೆಕ್ಕಕ್ಕೆ ಎಂ30 (ಪ್ರೋಗ್ರಾಂ ಮುಗಿಯಿತು ಎನ್ನುವ) ಸಿಗ್ನಲ್‌ನಿಂದ ಕೌಂಟ್ ತಗೊಂಡು, ರಿಜೆಕ್ಟ್ ಕಳೆದು, ಶಿಫ್ಟ್ ಯೂನಿಟ್ಟನ್ನು ಪಾಸಾದ ಪೀಸುಗಳಿಂದ ಮಾತ್ರ ಭಾಗಿಸಿ. ರಿಜೆಕ್ಟ್ ತಿಂದ ಕರೆಂಟೂ ಅದರಲ್ಲೇ ಸೇರಬೇಕು. ಬೇರೆ ಬೇರೆ ಪಾರ್ಟ್ ಓಡಿಸುವುದಾದರೆ ಆಗ ಮಷಿನ್‌ಗೊಂದು ಮೀಟರ್ ಬೇಕಾಗುತ್ತೆ. ಯೂನಿಟ್ಟಿನ ಕಾರ್ಬನ್‌ಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ ಗ್ರಿಡ್ ಅಂಶ (ಒಂದು ಯೂನಿಟ್‌ಗೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಎನ್ನುವ ಸಂಖ್ಯೆ) ಬಳಸಿ. ಜನರೇಟರ್ ಬೇರೆ ಬರೆದಿಡಿ, ಲೀಟರ್ ಡೀಸೆಲ್‌ಗೆ ಸುಮಾರು 2.7 ಕಿಲೋ ಕಾರ್ಬನ್ ಡೈಆಕ್ಸೈಡ್.