ಸಹಾಯ ಬೇಕು: ನೆರೆ ಬಂದರೆ ನಡೆಯಲಾಗದ ಅಮ್ಮನನ್ನು ಹೇಗೆ ಕರೆದೊಯ್ಯುವುದು?

ಎಲ್ಲರಿಗೂ ನಮಸ್ಕಾರ. ಕಳೆದ ವಾರ ರಾತ್ರಿ ಜೋರು ಮಳೆಗೆ ನೀರು ನಮ್ಮ ಮನೆ ಮೆಟ್ಟಿಲವರೆಗೂ ಬಂತು. ಒಳಗೆ ನುಗ್ಗಲಿಲ್ಲ. ಆದರೆ ಆ ಎರಡು ಗಂಟೆ ನನಗೆ ಕೈಕಾಲೇ ಆಡಲಿಲ್ಲ. ಅಮ್ಮನಿಗೆ 78 ವರ್ಷ, ವಾಕರ್ ಇಲ್ಲದೆ ನಡೆಯಲು ಆಗುವುದಿಲ್ಲ. ಟಾರ್ಚ್ ಹುಡುಕಿ ತೆಗೆದರೆ ಸೆಲ್ ಸೋರಿ ಒಳಗೆಲ್ಲ ಬಿಳಿ ಪುಡಿ ಕಟ್ಟಿತ್ತು.

ಈಗ ಒಂದು ಬ್ಯಾಗ್ ಸಿದ್ಧ ಮಾಡಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಮಾತ್ರೆ, ಡಾಕ್ಟರ್ ಚೀಟಿಯ ಜೆರಾಕ್ಸ್, ಪವರ್ ಬ್ಯಾಂಕ್, ಸೀಟಿ. ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ 3 ದಿನದ ನೀರನ್ನೂ ತುಂಬಿಟ್ಟಿದ್ದೇವೆ. ನೀರು ಒಳಗೆ ಬರುವ ಮೊದಲೇ ಮೇನ್ ಸ್ವಿಚ್ ಆಫ್ ಮಾಡಬೇಕು, ಒದ್ದೆ ಕಾಲಲ್ಲಿ ಮುಟ್ಟಲೇಬಾರದು ಅಂತ ಮಕ್ಕಳಿಗೂ ಹೇಳಿದ್ದೇನೆ.

ಚಿಂತೆ ಎಲ್ಲಾ ಅಮ್ಮನದೇ. ರಭಸವಾಗಿ ಹರಿಯುವ ನೀರು ಬರೀ 15 ಸೆಂಟಿಮೀಟರ್ ಇದ್ದರೂ ಗಟ್ಟಿಮುಟ್ಟಾದವರನ್ನೇ ಬೀಳಿಸಬಹುದು. ಹಾಗಾದರೆ ಎಚ್ಚರಿಕೆ ಬಂದ ಕೂಡಲೇ ಹೊರಟುಬಿಡಬೇಕು, ಅಲ್ವಾ? ದಾರಿ ಮುಚ್ಚಿದ್ದರೆ ಮಹಡಿಗೆ ಹತ್ತಿಸಬೇಕಾಗುತ್ತದೆ. ಕುರ್ಚಿಯಲ್ಲಿ ಕೂರಿಸಿ ಇಬ್ಬರೇ ಎತ್ತಿಕೊಂಡು ಹೋದವರು ಯಾರಾದರೂ ಇದ್ದೀರಾ? ಮೆಟ್ಟಿಲ ತಿರುವಿನಲ್ಲಿ ಹೇಗೆ ಹಿಡಿದಿರಿ? ಇನ್ನೊಂದು, ಕರೆಂಟ್ ಇಲ್ಲದಾಗ ಇನ್ಸುಲಿನ್ ತಂಪಾಗಿಡಲು ಏನು ಮಾಡಿದಿರಿ? ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.