ಕಷಾಯದ ಸಂದೇಶವೂ ಸಾವಿತ್ರಿ ಅತ್ತೆಯ ಮಾತ್ರೆಯೂ

ದೊಡ್ಡಪ್ಪ (ಫಾರ್ವರ್ಡ್ ಸಂದೇಶ): ರೋಗನಿರೋಧಕ ಶಕ್ತಿ ಕುಗ್ಗುವುದೇ ಸಕಲ ಕಾಯಿಲೆಗಳ ಮೂಲ. ಕೀಲುವಾತದವರು ಮಾತ್ರೆಗಳನ್ನು ಬಿಟ್ಟು, ಈ ಕಷಾಯದಿಂದ ಆ ಶಕ್ತಿಯನ್ನು ಇಮ್ಮಡಿ ಮಾಡಿಕೊಳ್ಳಿರಿ. ಎಲ್ಲರಿಗೂ ಕಳುಹಿಸಿರಿ.

ದೊಡ್ಡಪ್ಪ: ಸಾವಿತ್ರಿ, ಇದನ್ನು ತಪ್ಪದೆ ಓದು.

ಸುಮಾ: ದೊಡ್ಡಪ್ಪ, ನನ್ನ ತಕರಾರು ಕಷಾಯದ ಮೇಲಲ್ಲ, ಮಾತ್ರೆ ಬಿಡಿ ಎಂಬ ಸಾಲಿನ ಮೇಲೆ. ಅತ್ತೆಗಿರುವ ರುಮಟಾಯ್ಡ್ ಸಂಧಿವಾತದಲ್ಲಿ ನಿರೋಧಕ ವ್ಯವಸ್ಥೆ ಸೊರಗಿರುವುದಿಲ್ಲ. ಕೀಲುಗಳ ಒಳಪೊರೆಯ ಮೇಲೆಯೇ ತಿರುಗಿ ಬಿದ್ದಿರುತ್ತದೆ. ಅವರು ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಆ ದಾಳಿಯನ್ನು ತಗ್ಗಿಸುವುದಕ್ಕೇ ಇರುವ ಔಷಧಿ.

ದೊಡ್ಡಪ್ಪ: ನಾನೂ ಜೀವಶಾಸ್ತ್ರ ಪಾಠ ಮಾಡಿದವನೇ. ಟಿ ಕೋಶಗಳೆಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು. ಅವುಗಳಲ್ಲಿ ಸ್ವಂತ ಅಂಗಗಳ ಮೇಲೆ ಎರಗಬಲ್ಲವನ್ನು ಎದೆಯಲ್ಲಿರುವ ಥೈಮಸ್ ಗ್ರಂಥಿಯು ಅವು ಬೆಳೆಯುವ ಹಂತದಲ್ಲಿಯೇ ನಾಶಪಡಿಸುತ್ತದೆ. ಅಂಥವು ಉಳಿದುಕೊಂಡಿವೆ ಎಂದರೆ ವ್ಯವಸ್ಥೆ ದುರ್ಬಲವಾಗಿದೆ ಎಂದೇ ಅರ್ಥವಲ್ಲವೇ?

ಸುಮಾ: ಥೈಮಸ್‌ನ ಜರಡಿಯಿಂದ ಒಂದಷ್ಟು ಕೋಶಗಳು ಆರೋಗ್ಯವಂತರಲ್ಲಿಯೂ ನುಸುಳುತ್ತವೆ. ಹುಟ್ಟಿ ಮೂರು ದಿನಗಳಾದ ಇಲಿಮರಿಗಳ ಥೈಮಸ್ ತೆಗೆದರೆ ಅವುಗಳ ನಿರೋಧಕ ಶಕ್ತಿ ಕುಗ್ಗಬೇಕೆಂದು ನಾವು ಊಹಿಸುತ್ತೇವೆ. ಆದರೆ ಆದದ್ದು ಬೇರೆ, ಅವುಗಳ ಟಿ ಕೋಶಗಳು ಅಂಡಾಶಯ, ಥೈರಾಯ್ಡ್ ಮುಂತಾದ ಸ್ವಂತ ಅಂಗಗಳನ್ನೇ ಹಾಳುಗೆಡವಿದವು. ಅದೇ ತಳಿಯ ಆರೋಗ್ಯವಂತ ಇಲಿಗಳ ಟಿ ಕೋಶಗಳನ್ನು ಕೊಟ್ಟರೆ ಈ ಹಾನಿಯನ್ನು ತಡೆಯಬಹುದೆಂದು ಜಪಾನಿನ ಶಿಮೊನ್ ಸಕಾಗುಚಿ ಕಂಡುಕೊಂಡರು. ದಾಳಿ ಮಾಡುವ ಕೋಶಗಳ ನಡುವೆಯೇ ದಾಳಿಯನ್ನು ತಡೆಯುವ ಕೋಶಗಳೂ ಇವೆ ಎಂದಾಯಿತು. 1995ರಲ್ಲಿ ಅವರು ಅವುಗಳ ಗುರುತನ್ನೂ ತೋರಿಸಿದರು. ಅವೇ ನಿಯಂತ್ರಕ ಟಿ ಕೋಶಗಳು.

ದೊಡ್ಡಪ್ಪ: ದಾಳಿಯನ್ನು ಅದುಮುವ ‘ಸಪ್ರೆಸರ್’ ಕೋಶಗಳಿವೆ ಎಂದು ವಿಜ್ಞಾನಿಗಳು 1970ರ ದಶಕದಲ್ಲಿಯೂ ಹೀಗೆಯೇ ಹೇಳುತ್ತಿದ್ದರು. ಆಮೇಲೆ ಅವರೇ ಕೈಬಿಟ್ಟರು. ಇದನ್ನು ಮಾತ್ರ ಏಕೆ ನಂಬಬೇಕು?

ಸುಮಾ: ನ್ಯಾಯವಾದ ಪ್ರಶ್ನೆ. ಆ ಕೋಶಗಳಿಗೆ ಸಂಬಂಧಿಸಿದ್ದೆಂದು ಹೇಳಲಾಗಿದ್ದ ವಂಶವಾಹಿ ಹುಡುಕಿದ ಜಾಗದಲ್ಲಿ ಸಿಗಲೇ ಇಲ್ಲ, ಆದ್ದರಿಂದ ಸಕಾಗುಚಿಯವರ ಮಾತನ್ನೂ ಬಹಳ ಮಂದಿ ಮೊದಲು ಅನುಮಾನದಿಂದಲೇ ನೋಡಿದರು. ಈ ಸಲ ವಂಶವಾಹಿ ಸಿಕ್ಕಿತು. ‘ಸ್ಕರ್ಫಿ’ ಎಂಬ ತಳಿಯ ಗಂಡು ಇಲಿಗಳು ಕೆಲವೇ ವಾರ ಬದುಕುತ್ತವೆ. ಅವುಗಳ ಟಿ ಕೋಶಗಳು ಹದ್ದುಮೀರಿ ಹೆಚ್ಚಿ ಅಂಗಾಂಗಗಳನ್ನು ಹಾಳುಮಾಡುತ್ತವೆ. ಇದಕ್ಕೆ ಎಕ್ಸ್ ವರ್ಣತಂತುವಿನಲ್ಲಿರುವ ಫಾಕ್ಸ್‌ಪಿ3 ವಂಶವಾಹಿಯ ದೋಷವೇ ಕಾರಣವೆಂದು ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ತೋರಿಸಿದರು. ಗಂಡುಮಕ್ಕಳಲ್ಲಿ ಹುಟ್ಟಿನ ಆಸುಪಾಸಿನಲ್ಲೇ ಮಧುಮೇಹ, ತೀವ್ರ ಭೇದಿ ತರುವ ಐಪೆಕ್ಸ್ ಎಂಬ ಅಪರೂಪದ ಕಾಯಿಲೆಗೂ ಅದೇ ವಂಶವಾಹಿಯ ದೋಷ ಕಾರಣ. ನಿಯಂತ್ರಕ ಕೋಶಗಳು ರೂಪುಗೊಳ್ಳುವುದೇ ಈ ವಂಶವಾಹಿಯಿಂದ ಎಂಬುದು 2003ರಲ್ಲಿ ಸ್ಪಷ್ಟವಾಯಿತು. ಈ ಮೂವರಿಗೆ 2025ರ ವೈದ್ಯಕೀಯ ನೊಬೆಲ್ ಬಂದಿದೆ.

ಗಿರೀಶ: ಹಾಗಾದರೆ ನಿಯಂತ್ರಕ ಕೋಶಗಳನ್ನೇ ಹೆಚ್ಚಿಸಿದರೆ ಮುಗಿಯಿತಲ್ಲ, ಸುಮಾ?

ಸುಮಾ: ಇಲ್ಲ ಗಿರೀಶಣ್ಣ. ಅನೇಕ ಕ್ಯಾನ್ಸರ್ ಗಡ್ಡೆಗಳು ಇವೇ ಕೋಶಗಳನ್ನು ತಮ್ಮ ಸುತ್ತ ಸೇರಿಸಿಕೊಂಡು ದಾಳಿಯಿಂದ ಪಾರಾಗುತ್ತವೆ. ಇತ್ತ ಟಿ ಕೋಶಗಳ ಮೇಲಿನ ಹಿಡಿತ ಸಡಿಲಿಸುವ ಹೊಸ ಕ್ಯಾನ್ಸರ್ ಔಷಧಿಗಳು ಕೆಲವರಲ್ಲಿ ಕರುಳು, ಥೈರಾಯ್ಡ್‌ಗಳ ಉರಿಯೂತ ತರುತ್ತವೆ. ‘ಶಕ್ತಿ ಇಮ್ಮಡಿ’ ಎನ್ನುವ ಸಂದೇಶಕ್ಕೆ ಯಾವ ಶಕ್ತಿ, ಯಾವ ದಿಕ್ಕಿನಲ್ಲಿ ಎಂಬ ಗೊಡವೆಯೇ ಇಲ್ಲ.

ದೊಡ್ಡಪ್ಪ: ಆದರೂ ಆ ಮಾತ್ರೆ ತೆಗೆದುಕೊಳ್ಳುವವರಿಗೆ ಸೋಂಕು ಸುಲಭವಾಗಿ ತಗುಲುತ್ತದೆ ಎಂಬುದನ್ನು ನೀನು ಅಲ್ಲಗಳೆಯುವಂತಿಲ್ಲ.

ಸುಮಾ: ಅಲ್ಲಗಳೆಯುವುದಿಲ್ಲ. ಅದಕ್ಕಾಗಿಯೇ ಆಗಾಗ ರಕ್ತಪರೀಕ್ಷೆ ಮಾಡಿಸುತ್ತಾರೆ, ಯಕೃತ್ತಿನ ಸ್ಥಿತಿಯನ್ನೂ ನೋಡುತ್ತಾರೆ. ಮಾತ್ರೆಯ ಪ್ರಮಾಣವನ್ನು ತಗ್ಗಿಸಬೇಕೆನಿಸಿದರೆ ಅದನ್ನು ತೀರ್ಮಾನಿಸಬೇಕಾದವರು ವೈದ್ಯರು.

ಸಾವಿತ್ರಿ ಅತ್ತೆ: ಅಣ್ಣ, ನನ್ನ ಬೆರಳುಗಳ ವಿಷಯವನ್ನು ಗುಂಪಿನಲ್ಲಿ ಇತ್ಯರ್ಥ ಮಾಡುವುದು ಬೇಡ. ಮಾತ್ರೆ ಬಿಡುವುದಿಲ್ಲ. ಕಷಾಯಕ್ಕೆ ಏನೇನು ಹಾಕುತ್ತಾರೆಂದು ಬರೆದು ಕಳುಹಿಸು, ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ತೋರಿಸಿ ಕೇಳುತ್ತೇನೆ.

ದೊಡ್ಡಪ್ಪ: ಸಂದೇಶದಲ್ಲಿ ಪದಾರ್ಥಗಳ ಪಟ್ಟಿಯೇ ಇಲ್ಲ. ನನಗೆ ಕಳುಹಿಸಿದವರನ್ನು ವಿಚಾರಿಸುತ್ತೇನೆ. ಸುಮಾ, ಆ ಇಲಿಮರಿಗಳ ಥೈಮಸ್ಸನ್ನು ಮೂರನೆಯ ದಿನವೇ ಏಕೆ ತೆಗೆದರು ಎಂಬುದನ್ನು ನೀನಿನ್ನೂ ವಿವರಿಸಿಲ್ಲ.

ಸುಮಾ: ನಿಯಂತ್ರಕ ಕೋಶಗಳು ಥೈಮಸ್‌ನಿಂದ ಉಳಿದವುಗಳಿಗಿಂತ ತುಸು ತಡವಾಗಿ ಹೊರಬರುತ್ತವೆ, ದೊಡ್ಡಪ್ಪ. ಮೂರನೆಯ ದಿನ ಗ್ರಂಥಿಯನ್ನು ತೆಗೆದಾಗ ದಾಳಿಕೋರ ಕೋಶಗಳು ಆಗಲೇ ಹೊರಬಿದ್ದಿದ್ದವು, ತಡೆಯುವವು ಇನ್ನೂ ಸಾಕಷ್ಟು ಬಂದಿರಲಿಲ್ಲ.