ತಾತನ ಕಾಗದದಲ್ಲಿ ಕ್ಯುಆರ್ ನಂಬರ್

ದೊಡ್ಡಪ್ಪ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದರು. 1974ರ ಕಾಗದ. ಭದ್ರಾವತಿಯಲ್ಲಿ ತಾತನಿಗೆ ಕಾರ್ಖಾನೆಯ ಮನೆ ಸಿಕ್ಕಾಗ ಕೊಟ್ಟಿದ್ದು. ಮಡಿಕೆಯಲ್ಲಿ ಹರಿದಿದೆ. ಗಲಾಟೆ ಶುರುವಾಗಿದ್ದು ನನ್ನಿಂದಲೇ.

ನಾನು: ದೊಡ್ಡಪ್ಪ, ಆಗಲೇ ಕ್ಯುಆರ್ ಕೋಡ್ ಇತ್ತಾ? ‘ಕ್ಯುಆರ್ ನಂ. 17’ ಅಂತಿದೆ 😂

ದೊಡ್ಡಪ್ಪ: ಕೋಡ್ ಅಲ್ಲ ಪುಟ್ಟಿ, ಕ್ವಾರ್ಟರ್ಸ್. ಟೈಪ್ ಮಾಡೋರು ಹಾಗೇ ಚಿಕ್ಕದು ಮಾಡ್ತಿದ್ದರು.

ಚಿಕ್ಕಪ್ಪ: ಒಂದೇ ಮನೆ ತಾನೇ? ಕ್ವಾರ್ಟರ್ ಅನ್ನಬೇಕು. ಕ್ವಾರ್ಟರ್ಸ್ ಬಹುವಚನ.

ಅತ್ತೆ: ಸಂಜೆ ಆಯ್ತು ಅಂದ್ರೆ ನಿನಗೆ ಕ್ವಾರ್ಟರ್ ನೆನಪಾಗುತ್ತೆ.

ಚಿಕ್ಕಪ್ಪ: ಅಕ್ಕಾ! ಮಕ್ಕಳಿದ್ದಾರೆ ಗುಂಪಲ್ಲಿ.

ದೊಡ್ಡಪ್ಪ: ಅವಳು ಹೇಳಿದ್ದು ಸರಿ ಕಣೋ. 180 ಎಂಎಲ್‌ದು ಕ್ವಾರ್ಟರ್. ವಾಸಕ್ಕೆ ಕೊಟ್ಟಿದ್ದು ಕ್ವಾರ್ಟರ್ಸ್, ಮನೆ ಒಂದೇ ಆದರೂ.

ಮಾವ: 750ರಲ್ಲಿ ಕಾಲು ಭಾಗ 187.5 ಆಗಬೇಕು. ಏಳೂವರೆ ಎಂಎಲ್ ಎಲ್ಲಿ ಹೋಯ್ತು?

(ಮಾವ ರಿಟೈರ್ ಆದಮೇಲೂ ಲೆಕ್ಕ ಬಿಟ್ಟಿಲ್ಲ.)

ನಾನು: ಡಿಕ್ಷನರಿ ನೋಡಿದೆ. ಮೊದಲು ನಾಲ್ಕನೇ ಒಂದು ಪಾಲು, ಆಮೇಲೆ ಊರಿನ ಒಂದು ಭಾಗ, ಆಮೇಲೆ ದಂಡು ಇಳಿಯೋ ಜಾಗ. ಈ ಅರ್ಥಕ್ಕೆ ಬಹುವಚನವೇ. ಚಿಕ್ಕಪ್ಪ ಔಟ್.

ಅಣ್ಣ (ಡಲ್ಲಾಸ್): ಇಲ್ಲಿ ಅದು ಕ್ರಿಯಾಪದವಾಗಿ ಸಂವಿಧಾನದಲ್ಲೇ ಇದೆ. 1791ರ 3ನೇ ತಿದ್ದುಪಡಿ. ಶಾಂತಿ ಇರೋವಾಗ ಮಾಲೀಕರು ಒಪ್ಪದೆ ಯಾರ ಮನೆಯಲ್ಲೂ ಸೈನಿಕರನ್ನ ಇಳಿಸೋ ಹಾಗಿಲ್ಲ.

ಚಿಕ್ಕಮ್ಮ: ಬೇಸಿಗೆ ರಜೆಗೆ ನಮ್ಮನೆಗೂ ಆ ತಿದ್ದುಪಡಿ ತರಬೇಕು 🙏

ಚಿಕ್ಕಪ್ಪ: ಸರಿ, ಎರಡು ಮನೆ ಇದ್ದರೆ? ಕ್ವಾರ್ಟರ್ಸ್‌ಗಳಾ?

ದೊಡ್ಡಪ್ಪ: ಹೂಂ, ಕ್ವಾರ್ಟರ್ಸ್‌ಗಳು. ನಾವು ಹಾಗೇ ಅಂತಿದ್ದಿದ್ದು. ಏನೀಗ?

ಮಾವ: ನಮ್ಮ ಕೆಜಿಎಫ್‌ನಲ್ಲಿ ಈ ತಕರಾರೇ ಇರಲಿಲ್ಲ. ಗಣಿಗೆ ಇಳಿಯೋರದ್ದು ಲೈನು, ಸಾಹೇಬರದ್ದು ಬಂಗಲೆ. ವಿಳಾಸ ಹೇಳಿದರೆ ಸಾಕು, ಯಾರು ಏನು ಅಂತ ಗೊತ್ತಾಗ್ತಿತ್ತು.

ಅದಕ್ಕೆ ಯಾರೂ ಸ್ಮೈಲಿ ಹಾಕಲಿಲ್ಲ. ಸ್ವಲ್ಪ ಹೊತ್ತು ಗುಂಪು ಸುಮ್ಮನಿತ್ತು.

ಅತ್ತೆ: ಅಮ್ಮ ಇಲ್ಲೇ ಕೂತಿದ್ದಾರೆ. ಹೇಳಿದ್ದನ್ನ ಹಾಗೇ ಟೈಪ್ ಮಾಡ್ತೀನಿ. ‘ಎಂಥ ಬಹುವಚನ? ಅದು ಕ್ವಾಟ್ರಸ್ಸು. ಗೋಡೆಗೆ ಒಂದು ಮೊಳೆ ಹೊಡೆಯೋಕೆ ನಿಮ್ಮಪ್ಪ ಬಿಡಲಿಲ್ಲ. ನಮ್ಮದಲ್ಲ ಕಣೇ, ನಾಳೆ ಬೀಗದಕೈ ವಾಪಸ್ ಕೊಡಬೇಕು ಅನ್ನೋರು. ಕ್ಯಾಲೆಂಡರನ್ನ ಕಿಟಕಿ ಸರಳಿಗೆ ಕಟ್ಟಿದ್ದೆ, ಇಪ್ಪತ್ತೆರಡು ವರ್ಷ.’

ನಾನು: ಅಜ್ಜಿ, ಈಗ ಸ್ವಂತ ಮನೆಯಲ್ಲೂ ಕ್ಯಾಲೆಂಡರ್ ಕಿಟಕಿಗೇ ಕಟ್ಟಿದ್ದೀರಲ್ಲ?

ಅತ್ತೆ: ನಗ್ತಿದ್ದಾರೆ.